ಮಾಳಗಿ ಮೇಲಿಂದ ಕೇಳಿದ್ದು

ವಿರೇಶ ಫೋನ್ ಎತ್ತುವುದಿಲ್ಲ ಎಂದು ಯಾರಾದರೂ ದೂರಿದರೆ ನಾನು ನಂಬುವುದಿಲ್ಲ. ಎತ್ತುತ್ತಾನೆ. ಎರಡನೇ ರಿಂಗಿಗೇ ಎತ್ತುತ್ತಾನೆ, ನಮಸ್ಕಾರ ಹೇಳುತ್ತಾನೆ, ಮನೆಯಲ್ಲಿ ಎಲ್ಲರೂ ಆರಾಮ ಇದ್ದಾರೇನು ಎಂದು ವಿಚಾರಿಸುತ್ತಾನೆ, ನಾವು ಹೇಳಿದ್ದಕ್ಕೆಲ್ಲ ‘ಆತ್ರಿ ಸರ್’ ಅನ್ನುತ್ತಾನೆ. ಪೈಪು ಕಳಿಸು ಅಂದರೆ ಆತ್ರಿ. ಸೋಮವಾರ ಆಳು ಕಳಿಸು ಅಂದರೆ ಆತ್ರಿ. ನಿನ್ನಂಥ ಸುಳ್ಳುಗಾರನನ್ನು ನನ್ನ ಜನ್ಮದಲ್ಲಿ ನೋಡಿಲ್ಲ ಅಂದರೂ ಆತ್ರಿ. ಬೈದವನಿಗೆ ಬೈದ ಸುಖವೂ ಸಿಗದಂತೆ ಮಾಡುವ ವಿದ್ಯೆ ಅದು. ಸಿಂಧನೂರಿನ ಬಸ್ ಸ್ಟ್ಯಾಂಡಿನ ಹಿಂದೆ ಅವನದೊಂದು ಸೋಲಾರ್ ಮಳಿಗೆ, ಅದರ ಮೇಲೆ ನಗುವ ಸೂರ್ಯನ ಬೋರ್ಡು. ಹೋಗಿ ಕುಳಿತರೆ ಚಹಾ ತರಿಸುತ್ತಾನೆ, ಬಿಸಿ ಮಿರ್ಚಿ ತರಿಸುತ್ತಾನೆ. ಜಗಳಾಡಲೆಂದೇ ಮಸ್ಕಿಯಿಂದ ಬಸ್ಸು ಹತ್ತಿ ಹೋದ ಮೂರು ಸಲವೂ ನಾನು ಹೊಟ್ಟೆ ತುಂಬಿಸಿಕೊಂಡು ವಾಪಸು ಬಂದಿದ್ದೇನೆ.

ನಾನು ಮಸ್ಕಿಯ ಹೈಸ್ಕೂಲೊಂದರಲ್ಲಿ ಕನ್ನಡ ಮಾಸ್ತರ, ಹೆಸರು ನಿಂಗರಾಜ. ಇಪ್ಪತ್ತಾರು ವರ್ಷದಿಂದ ಮಕ್ಕಳಿಗೆ ಭೂತ, ವರ್ತಮಾನ, ಭವಿಷ್ಯತ್ ಎಂದು ಕಾಲಗಳನ್ನು ಕಲಿಸುತ್ತಿದ್ದೇನೆ. ಹೀಗಾಗಿ ವಿರೇಶನ ಆ ಮಾತು ಬೇರೆಯವರಿಗಿಂತ ನನಗೆ ಹೆಚ್ಚು ಚುಚ್ಚುತ್ತಿತ್ತು. ‘ಆತು’ ಎಂಬುದು ಭೂತಕಾಲ. ಆಯಿತು, ಮುಗಿಯಿತು ಎಂದು ಅರ್ಥ. ಆದರೆ ಇನ್ನೂ ಕೈಯೇ ಹಚ್ಚದ ಕೆಲಸಕ್ಕೂ ನಾವು ಆತು ಅನ್ನುತ್ತೇವೆ, ಆಗಲಿ, ಮಾಡುತ್ತೇನೆ ಎಂಬ ಅರ್ಥದಲ್ಲಿ. ಊಟ ಆತೇನು ಎಂದು ಕೇಳಿದರೆ ಉಂಡವನು ಆತು ಅನ್ನುತ್ತಾನೆ. ಉಣ್ಣಲು ಬಾ ಎಂದು ಕರೆದರೆ ಹಸಿದವನೂ ಆತು ಅನ್ನುತ್ತಾನೆ. ಯಾವುದು ಯಾವ ಆತು ಎಂದು ತಿಳಿಯಬೇಕಾದರೆ ಅದರ ಮುಂಚೆ ಏನು ಹೇಳಿದ್ದರು ಎಂಬುದನ್ನು ನೋಡಬೇಕು. ಎಂಟನೇ ತರಗತಿಗೆ ಇದನ್ನು ಪಾಠ ಮಾಡುವಾಗ ವಿರೇಶನ ಉದಾಹರಣೆ ಕೊಟ್ಟು ಮಕ್ಕಳನ್ನು ನಗಿಸಿದ್ದೂ ಉಂಟು.

ಸೋಲಾರ್ ಹುಚ್ಚು ನನಗೆ ಹತ್ತಿದ್ದು ಎಸಿಯಿಂದ. ನಮ್ಮ ಕಡೆಯ ಬೇಸಿಗೆಯನ್ನು ಬೇರೆಯವರಿಗೆ ವಿವರಿಸಿ ಉಪಯೋಗವಿಲ್ಲ. ಏಪ್ರಿಲ್ ಮಧ್ಯಾಹ್ನ ನಲ್ಲಿ ತಿರುವಿದರೆ ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟು ಬಿಸಿನೀರು ಬರುತ್ತದೆ. ಹೋದ ವರ್ಷ ಮಲಗುವ ಕೋಣೆಗೆ ಎಸಿ ಹಾಕಿಸಿದೆ. ಅದರ ಹಿಂದೆಯೇ ಸರ್ಕಾರದ ಪುಕ್ಕಟೆ ಕರೆಂಟು ಕೈತಪ್ಪಿ ಪೂರ್ತಿ ಬಿಲ್ಲು ಬರತೊಡಗಿತು. ಅಷ್ಟರಲ್ಲಿ ನಮ್ಮ ಶಾಲೆಯ ಡ್ರಿಲ್ ಮಾಸ್ತರರ ಮನೆ ಮೇಲೆ ಪ್ಯಾನೆಲ್ಲು ಬಂದವು. ಆ ಮನುಷ್ಯ ತಿಂಗಳಿಗೊಮ್ಮೆ ಸೊನ್ನೆ ಬಿಲ್ಲನ್ನು ಸ್ಟಾಫ್ ರೂಮಿಗೆ ತಂದು, ಕೇಳದಿದ್ದರೂ ಎಲ್ಲರಿಗೂ ತೋರಿಸುತ್ತಿದ್ದ. ಅದನ್ನು ಮೂರು ತಿಂಗಳು ನೋಡಿದೆ. ನಾಲ್ಕನೇ ತಿಂಗಳು ಬ್ಯಾಂಕಿನಿಂದ ಸಾಲ ಮಾಡಿ ವಿರೇಶನನ್ನು ಹಿಡಿದೆ.

ಲಿಂಗಸುಗೂರು ರಸ್ತೆಯ ಕಡೆಯ ಬಡಾವಣೆಯಲ್ಲಿ ನಮ್ಮ ಮನೆ. ಹಿತ್ತಲ ಆಚೆ ಹೊಲಗಳ ಪಂಪ್‌ಸೆಟ್ಟುಗಳಿಗೆ ಹೋಗುವ ದೊಡ್ಡ ಲೈನು ಹಾದುಹೋಗಿದೆ, ಹನ್ನೊಂದು ಸಾವಿರ ವೋಲ್ಟಿನದು. ಮನೆ ಕಟ್ಟಿಸಿದಾಗ ಆ ತಂತಿಗಳು ದೂರವೇ ಇದ್ದವು. ಆಮೇಲೆ ಮೇಲೊಂದು ಕೋಣೆ ಬೇಕೆನಿಸಿ ಮಾಳಗಿಯನ್ನು, ಅಂದರೆ ತಾರಸಿಯನ್ನು, ಹಿತ್ತಲ ಕಡೆ ನಾಲ್ಕಡಿ ಎಳೆಸಿದೆ. ತಂತಿ ಇದ್ದಲ್ಲೇ ಇತ್ತು, ಹತ್ತಿರ ಹೋದವನು ನಾನು. ಕರೆಂಟ್ ಆಫೀಸಿನಿಂದ ಒಂದು ನೋಟಿಸು ಬಂದಿತ್ತು. ಅದನ್ನು ಮಡಚಿ ಟ್ರಂಕಿನೊಳಗೆ ಹಾಕಿದ್ದೆ.

ನನ್ನ ಹೆಂಡತಿ ಅಮರೇಶ್ವರಿ ಪ್ಯಾನೆಲ್ಲಿಗೆ ಬೇಡ ಅನ್ನಲಿಲ್ಲ, ಮಾಳಗಿ ಬಿಟ್ಟುಕೊಡಲು ಮಾತ್ರ ಒಪ್ಪಲಿಲ್ಲ. ಶಾವಿಗೆ ಎಲ್ಲಿ ಒಣಹಾಕಲಿ, ಮೆಣಸಿನಕಾಯಿ ಎಲ್ಲಿ ಹರವಲಿ, ಬೇಸಿಗೆಯಲ್ಲಿ ಬೀಗರು ಬಂದರೆ ಎಲ್ಲಿ ಮಲಗಿಸಲಿ ಎಂದು ಕೇಳಿದಳು. ಕೊನೆಗೆ ಎಂಟಡಿ ಎತ್ತರದ ಕಬ್ಬಿಣದ ಸ್ಟ್ಯಾಂಡು ನಿಲ್ಲಿಸಿ ಅದರ ಮೇಲೆ ಪ್ಯಾನೆಲ್ಲು ಹಾಕುವುದು, ಕೆಳಗಿನ ಜಾಗವೆಲ್ಲ ಅವಳಿಗೆ ಎಂದು ತೀರ್ಮಾನವಾಯಿತು. ವಿರೇಶ ಅಳತೆಯನ್ನೂ ಮಾಡದೆ, ತಲೆ ಎತ್ತಿ ತಂತಿಯನ್ನೂ ನೋಡದೆ, ಆತ್ರಿ ಅಕ್ಕಾರ ಎಂದ. ಅದು ಡಿಸೆಂಬರ್ ತಿಂಗಳು.

ಸಂಕ್ರಾಂತಿಗೆ ಪೈಪುಗಳು ಬಂದವು, ನಟ್ಟು ಬೋಲ್ಟು ಬರಲಿಲ್ಲ. ಶಿವರಾತ್ರಿಗೆ ನಟ್ಟು ಬೋಲ್ಟು ಬಂದವು, ಅವು ಬೇರೆ ಅಳತೆಯವು. ಇಬ್ಬರು ಬಂದು ಎರಡು ಕಂಬ ನಿಲ್ಲಿಸಿ, ಊಟಕ್ಕೆ ಹೋಗುತ್ತೇವೆಂದು ಹೋದವರು ಯುಗಾದಿಯಾದರೂ ಬರಲಿಲ್ಲ. ಪ್ಯಾನೆಲ್ಲುಗಳು ನಮ್ಮ ಪಡಸಾಲೆಯಲ್ಲಿ ಗೋಡೆಗೆ ಒರಗಿ ನಿಂತಿದ್ದವು, ಬಂದವರೆಲ್ಲ ಇದೇನು ಎಂದು ಕೇಳುವುದು, ನಾನು ಹೇಳುವುದು, ಅವರು ನಗುವುದು. ಸೂರ್ಯನನ್ನು ಮನೆಯೊಳಗೆ ಕಟ್ಟಿಹಾಕೀರೇನ್ರಿ ಎಂದು ಡ್ರಿಲ್ ಮಾಸ್ತರ ಬಂದು ಒಂದು ಮಾತು ಆಡಿ ಹೋದ. ಆ ಮಾತಿಗೆ ನಾನು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೇ ತಿಂಗಳ ರಜೆಯಲ್ಲಿ, ಬ್ಯಾಂಕಿಗೂ ಸಬ್ಸಿಡಿ ಆಫೀಸಿಗೂ ಅರ್ಜಿ ಕೊಡುತ್ತೇನೆ ಎಂದು ಹೆದರಿಸಿದ ಮೇಲೆ ವಿರೇಶ ಹಸನ್‌ಸಾಬನನ್ನು ಕಳಿಸಿದ.

ಹಸನ್‌ಸಾಬ್ ತುರ್ವಿಹಾಳದವನು, ನನ್ನದೇ ವಯಸ್ಸು, ಐವತ್ತರ ಮೇಲೆ ಎರಡು ಮೂರು. ಹಿಂದೆ ಕಂಬ ನಿಲ್ಲಿಸಿ ತಂತಿ ಎಳೆಯುವ ಗ್ಯಾಂಗಿನಲ್ಲಿದ್ದವನು. ಕೆಲಸ ಬಲ್ಲವನು, ಆದರೆ ನಿಧಾನ, ಮತ್ತು ಎಲ್ಲವನ್ನೂ ಕೇಳುತ್ತಾನೆ. ಚಪ್ಪಲಿ ಎಲ್ಲಿ ಬಿಡಲಿ ಎಂದು ಕೇಳಿದ. ಡ್ರಿಲ್ ಮಷೀನಿನ ವೈರನ್ನು ಯಾವ ಪ್ಲಗ್ಗಿಗೆ ಹಾಕಲಿ ಎಂದು ಕೇಳಿದ, ಹಾಕುವಾಗ ಹಾಕಲೇನ್ರಿ ಎಂದು ಇನ್ನೊಮ್ಮೆ ಕೇಳಿದ. ಮೊದಲ ದಿನ ಸಂಜೆಯ ಹೊತ್ತಿಗೆ ನನಗೆ ಅವನ ಪ್ರಶ್ನೆಗಳೇ ಸಾಕಾಗಿದ್ದವು. ಜೊತೆಗೆ ಒಬ್ಬ ಕೂಲಿಯವನನ್ನು ವಿರೇಶ ಕಳಿಸಬೇಕಾಗಿತ್ತು, ಕಳಿಸಲಿಲ್ಲ. ಒಬ್ಬನೇ ಎರಡು ದಿನ ಏಣಿ ಹತ್ತಿ ಇಳಿದು ಕಂಬಗಳನ್ನೆಲ್ಲ ನಿಲ್ಲಿಸಿದ. ಹಿತ್ತಲ ಕಡೆಯ ಒಂದು ಮೂಲೆ ಉಳಿಯಿತು.

ಆ ಮೂಲೆಯ ಪೈಪು ಎತ್ತಿದರೆ ತುದಿ ತಂತಿಯ ಹತ್ತಿರ ಹೋಗುತ್ತದೆ, ಲೈನು ಬಂದ್ ಆಗದ ಹೊರತು ಮುಟ್ಟುವುದಿಲ್ಲ ಎಂದು ಅವನು ಹಿಂದಿನ ದಿನವೇ ಹೇಳಿದ್ದ. ಲೈನ್‌ಮನ್‌ಗೆ ಹೇಳಿ ಅರ್ಧ ತಾಸು ಬಂದ್ ಮಾಡಿಸುತ್ತೇನೆ, ಬೆಳಿಗ್ಗೆ ಹನ್ನೊಂದಕ್ಕೆ ಎಂದು ವಿರೇಶ ಒಪ್ಪಿಕೊಂಡಿದ್ದ. ಹನ್ನೊಂದಾಯಿತು, ಹನ್ನೆರಡಾಯಿತು. ಹಸನ್‌ಸಾಬ್ ಮಾಳಗಿಯ ಮೇಲೆ ಪ್ಯಾರಾಪೆಟ್ ಗೋಡೆಯ ಗೇಣು ನೆರಳಿನಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ಕುಳಿತಿದ್ದ. ನಾನು ಅಂಗಳದಲ್ಲಿ ಫೋನ್ ಹಿಡಿದು ನಿಂತಿದ್ದೆ. ಮೂರು ಸಲ ಫೋನ್ ಮಾಡಿದ್ದೆ, ಮೂರು ಸಲವೂ ಆತ್ರಿ. ಹನ್ನೆರಡೂವರೆಗೆ ಮೇಲಿನಿಂದ ಹಸನ್‌ಸಾಬ್, ಬಂದ್ ಮಾಡ್ಯಾರೇನು ಕೇಳ್ರಿ ಸರ್ ಎಂದ. ನಾನು ನಾಲ್ಕನೇ ಸಲ ಹಚ್ಚಿದೆ.

"ಲೇ ವಿರೇಶ, ಆ ಲೈನ್ ಬಂದ್ ಮಾಡ್ಸಲೇ. ಮುಂಜಾನಿಂದ ಅವ ಬಿಸಲಾಗ ಕುಂತಾನ."

"ಆತ್ರಿ ಸರ್. ಆತು."

ಅದೇ ಹೊತ್ತಿಗೆ ಮನೆಯೊಳಗೆ ಫ್ಯಾನು ನಿಂತಿತು. ನಾನು ಮೇಲಕ್ಕೆ ಮುಖ ಮಾಡಿ, ಆತಂತ, ಕರೆಂಟೂ ಹೋತು ಎಂದು ಕೂಗಿದೆ.

ಹಸನ್‌ಸಾಬ್ ಎದ್ದು ಪ್ಯಾರಾಪೆಟ್ ಮೇಲೆ ಬಗ್ಗಿ ನನ್ನನ್ನು ನೋಡಿದ.

"ಖರೇ ಬಂದ್ ಆಗೇತೇನ್ರಿ? ಮನಿ ಕರೆಂಟ್ ಹೋದ್ರ ಈ ಲೈನ್ ಹೋದಂಗಲ್ಲ. ಇದು ಹೊಲದ್ದು, ಬ್ಯಾರೆ. ಇನ್ನೊಮ್ಮಿ ಕೇಳ್ರಿ."

"ಆತಂತ ಹೇಳೀನಲ್ಲೋ. ಎಷ್ಟು ಸಲ ಕೇಳ್ತಿ ನೀ?"

ಅವನು ತಲೆಯ ಟವೆಲ್ಲನ್ನು ಬಿಗಿಯಾಗಿ ಸುತ್ತಿಕೊಂಡ. ಆಮೇಲೆ, ಹೂನ್ರಿ ಎಂದು ಮೂಲೆಯ ಕಡೆಗೆ ಹೋದ. ಪೈಪು ನೆಲದಿಂದ ಏಳುವ ಸದ್ದು ಕೇಳಿತು. ಮುಂದಿನ ಸದ್ದನ್ನು ನಾನು ಬರೆಯುವುದಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು, ಇದನ್ನು ನಾನು ಬೇರೆ ಯಾರಿಗೂ ಹೇಳಿಲ್ಲ. ವಿರೇಶ ಅಂದದ್ದು ಯಾವ ಆತು ಎಂದು ನನಗೆ ಗೊತ್ತಿತ್ತು. ಆಮೇಲೆ ತಿಳಿದದ್ದಲ್ಲ, ಆಗಲೇ ಗೊತ್ತಿತ್ತು. ಬಂದ್ ಆತೇನು ಎಂದು ನಾನು ಕೇಳಿರಲಿಲ್ಲ, ಬಂದ್ ಮಾಡಿಸು ಎಂದಿದ್ದೆ. ಅದಕ್ಕೆ ಬಂದ ಆತು ಬರೀ ಒಪ್ಪಿಗೆ. ಕ್ಲಾಸಿನಲ್ಲಿ ಒಬ್ಬ ಹುಡುಗ ಇದನ್ನು ತಪ್ಪು ಹೇಳಿದ್ದರೆ ನಾನು ಅವನನ್ನು ನಿಲ್ಲಿಸುತ್ತಿದ್ದೆ. ಆದರೆ ಫ್ಯಾನು ನಿಂತಿತು, ಬಿಸಿಲು ತಲೆ ಸುಡುತ್ತಿತ್ತು, ಐದು ತಿಂಗಳ ಸಿಟ್ಟು ಗಂಟಲಲ್ಲಿತ್ತು, ಆ ಮನುಷ್ಯನ ಪ್ರಶ್ನೆ ಕೇಳಿ ಕೇಳಿ ನನಗೆ ಬೇಸರವಾಗಿತ್ತು. ವಿರೇಶನ ಮೇಲಿನ ಸಿಟ್ಟನ್ನು ನಾನು ಹಸನ್‌ಸಾಬನ ಮೇಲೆ ತೀರಿಸಿದೆ.

ಓಣಿಯವರು ಅವನನ್ನು ಚಾದರದಲ್ಲಿ ಇಳಿಸಿದರು. ಮೊದಲು ಲಿಂಗಸುಗೂರಿಗೆ, ಅಲ್ಲಿಂದ ರಾಯಚೂರಿಗೆ ಒಯ್ದರು. ಸಂಜೆ ಐದಕ್ಕೆ ನಿಮ್ಮ ಮನೆಗೆ ಬರುತ್ತೇನೆ ಎಂದು ವಿರೇಶ ಫೋನ್ ಮಾಡಿದ, ಐದಕ್ಕೆ ಐದು ನಿಮಿಷ ಇರುವಾಗಲೇ ಬಂದ. ಹೇಳಿದ ಹೊತ್ತಿಗೆ ಅವನು ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು. ಅಮರೇಶ್ವರಿ ಕೊಟ್ಟ ನೀರು ಕುಡಿದು, ಅವಳು ಒಳಗೆ ಹೋದ ಮೇಲೆ ಜೇಬಿನಿಂದ ಫೋನ್ ತೆಗೆದು ಮೇಜಿನ ಮೇಲಿಟ್ಟು ಒತ್ತಿದ. ಅವನ ಫೋನಿನಲ್ಲಿ ಎಲ್ಲ ಮಾತೂ ರೆಕಾರ್ಡ್ ಆಗುತ್ತಿತ್ತಂತೆ. ಲೇ ವಿರೇಶ, ಆ ಲೈನ್ ಬಂದ್ ಮಾಡ್ಸಲೇ ಎಂದು ನನ್ನ ದನಿ ನನಗೇ ಕೇಳಿಸಿತು. ಅಷ್ಟು ಕೆಟ್ಟ ದನಿ ನನ್ನದು ಎಂದು ಗೊತ್ತಿರಲಿಲ್ಲ.

"ನೀವು ಮಾಡ್ಸು ಅಂದ್ರಿ, ನಾ ಆತು ಅಂದೆ. ಮಾಡ್ಸ್ತೀನಿ ಅಂತ ಅಂದೆ, ಆಗೇತಿ ಅಂತ ಅಂದಿಲ್ರಿ. ನೀವು ಕನ್ನಡ ಮಾಸ್ತರು, ನಿಮಗ ನಾ ಏನ್ ಹೇಳ್ಲಿ."

ಹತ್ತನೇ ತರಗತಿ ಫೇಲಾದವನು ನನ್ನ ಪಡಸಾಲೆಯಲ್ಲಿ ಕುಳಿತು ನನಗೆ ವ್ಯಾಕರಣ ಹೇಳಿದ, ಅದರಲ್ಲಿ ಒಂದು ತಪ್ಪೂ ಇರಲಿಲ್ಲ. ಆಮೇಲೆ ತನ್ನ ಕಷ್ಟವನ್ನೂ ಮುಚ್ಚುಮರೆಯಿಲ್ಲದೆ ಬಿಚ್ಚಿಟ್ಟ. ಲೈನ್‌ಮನ್‌ಗೆ ಅವನು ಫೋನೇ ಮಾಡಿರಲಿಲ್ಲ. ಕೈಗವಸು ಕೊಟ್ಟಿರಲಿಲ್ಲ, ಎರಡನೇ ಆಳು ಕಳಿಸಿರಲಿಲ್ಲ. ಕೇಸಾದರೆ ಅವನು ಮುಳುಗುತ್ತಾನೆ. ಆದರೆ ಒಬ್ಬನೇ ಮುಳುಗುವುದಿಲ್ಲ. ಮಾಳಗಿ ಲೈನಿಗೆ ಎಷ್ಟು ಹತ್ತಿರ ಇದೆ ಎಂದು ಯಾರಾದರೂ ಅಳತೆ ಪಟ್ಟಿ ಹಿಡಿದು ಬರುತ್ತಾರೆ, ಹಳೆಯ ನೋಟಿಸು ಹೊರಗೆ ಬರುತ್ತದೆ, ಸರ್ಕಾರಿ ನೌಕರನ ಮೇಲೆ ಕೇಸಾದರೆ ಸಸ್ಪೆಂಡು. ಇದನ್ನೆಲ್ಲ ಅವನು ಬಹಳ ಮರ್ಯಾದೆಯಿಂದ, ರೀ ಹಚ್ಚಿ ಹಚ್ಚಿ ಹೇಳಿದ. ಫೋನಿನ ಮಾತು ಇಬ್ಬರಿಗೂ ಬೇಡ, ಹಸನ್‌ಸಾಬ್ ಯಾರನ್ನೂ ಕೇಳದೆ ತಾನೇ ಪೈಪು ಎತ್ತಿದ ಎಂದರೆ ಇಬ್ಬರೂ ಬಚಾವು ಎಂದ.

ನಾನು ಒಂದೇ ಪ್ರಶ್ನೆ ಕೇಳಿದೆ, ಅವನು ಬದುಕುತ್ತಾನೇನು ಎಂದು. ನಾಳೆ ಬೆಳಗಿನ ತನಕ ಗ್ಯಾರಂಟಿ ಇಲ್ಲ ಎಂದು ಡಾಕ್ಟರು ಹೇಳಿದ್ದಾರೆ ಎಂದ ವಿರೇಶ. ನನಗೆ ಸಮಾಧಾನವಾಯಿತು. ಸತ್ತವನು ಕೇಳಿದ್ದನೋ ಇಲ್ಲವೋ, ಅದರಿಂದ ಅವನಿಗೆ ಏನಾಗಬೇಕು ಎಂದುಕೊಂಡೆ. ಇಷ್ಟು ಸುಲಭವಾಗಿ ಹಾಗೆ ಅಂದುಕೊಳ್ಳಬಲ್ಲೆ ಎಂಬುದು ನನಗೇ ಆಶ್ಚರ್ಯ.

ಮರುದಿನ ಹೇಳಿಕೆ ಬರೆದುಕೊಳ್ಳಲು ಬಂದ ಹೆಡ್ ಕಾನ್ಸ್‌ಟೇಬಲ್ ಕನಕರಾಯ ನನ್ನ ಹಳೆಯ ವಿದ್ಯಾರ್ಥಿ. ಬೂಟು ಹೊರಗೆ ಬಿಟ್ಟು, ನಾನು ಕುಳಿತ ಮೇಲೆ ಕುಳಿತ. ಎಲ್ಲ ಬರೆದುಕೊಂಡು ಒಂದು ಕಡೆ ಪೆನ್ನು ನಿಲ್ಲಿಸಿದ.

"ಸರ್, ಇದೊಂದು ಸಾಫ್ ಆಗಬೇಕು. ಲೈನ್ ಬಂದ್ ಆಗೇತೇನು ಅಂತ ಅವ ಯಾರಿಗರ ಕೇಳಿದ್ನೇನ್ರಿ?"

"ಇಲ್ಲ."

ನೀವು ಅಲ್ಲೇ ಇದ್ದಿರಲ್ಲ ಎಂದ. ಅಂಗಳದಲ್ಲೇ ಇದ್ದೆ, ಕೇಳಿದ್ದರೆ ನನಗೆ ಗೊತ್ತಾಗುತ್ತಿತ್ತು ಎಂದೆ.  ಹಸನ್‌ಸಾಬ್ ಗ್ಯಾಂಗಿನಲ್ಲಿ ಇದ್ದವನು, ಅಂಥವರು ಕೇಳದೆ ತಂತಿಯ ಹತ್ತಿರ ಹೋಗುವುದಿಲ್ಲ ಎಂಬ ಅನುಮಾನ ಕನಕರಾಯನಿಗೆ ಇತ್ತು, ಅದನ್ನು ಬಾಯಿಬಿಟ್ಟು ಹೇಳಿದ. ಆದರೆ ಹೇಳಿಕೆ ನನ್ನದು, ನಾನು ಅವನ ಮಾಸ್ತರ. ‘ಸದರಿ ಕೆಲಸಗಾರನು ಯಾರನ್ನೂ ಕೇಳದೆ ತನ್ನ ಅಜಾಗರೂಕತೆಯಿಂದ ಪೈಪನ್ನು ಎತ್ತಿದ್ದರಿಂದ ವಿದ್ಯುತ್ ಸ್ಪರ್ಷವಾಗಿ’ ಎಂದು ಬರೆದ. ಸ್ಪರ್ಷ ಅಲ್ಲ, ಸ್ಪರ್ಶ ಎಂದು ನಾನು ತಿದ್ದಿದೆ. ಅವನು ನಾಚಿಕೊಂಡು ಸರಿ ಮಾಡಿದ, ನಾನು ಕೆಳಗೆ ಸಹಿ ಹಾಕಿದೆ.

ಹಸನ್‌ಸಾಬ್ ಸಾಯಲಿಲ್ಲ. ಅದನ್ನು ಕೇಳಿದಾಗ ನನಗೆ ಆದದ್ದು ಸಂತೋಷವಲ್ಲ. ಬಲಗೈಯನ್ನು ಮೊಣಕೈವರೆಗೆ ತೆಗೆದರು, ಎಡಗೈಯ ಬೆರಳುಗಳನ್ನೂ ತೆಗೆದರು. ಅವನಿಗೆ ಅಂದಿನದು ಸರಿಯಾಗಿ ನೆನಪಿಲ್ಲ ಎಂದು ವಿರೇಶ ಫೋನ್ ಮಾಡಿ ಹೇಳಿದ. ಅದನ್ನು ಕೇಳಿದಾಗ ಸಂತೋಷವಾಯಿತು.

ವಿರೇಶ ಉಳಿದ ಕೆಲಸವನ್ನು ಒಂಬತ್ತೇ ದಿನದಲ್ಲಿ ಮುಗಿಸಿದ. ಲೈನ್‌ಮನ್‌ನನ್ನು ಮನೆಗೇ ಕರೆದುಕೊಂಡು ಬಂದು, ಲೈನು ಬಂದ್ ಆಗಿದ್ದನ್ನು ಖಾತ್ರಿ ಮಾಡಿಕೊಂಡು, ನಾಲ್ಕು ಆಳು ಹಚ್ಚಿ ಮೂಲೆಯ ಕಂಬವನ್ನು ಒಂದಡಿ ಒಳಗೆ ಸರಿಸಿ ನಿಲ್ಲಿಸಿದ. ಒಂದಡಿ ಒಳಗೆ ಸರಿಸಿದರೆ ಏನೂ ತೊಂದರೆ ಇರಲಿಲ್ಲವಂತೆ. ಜುಲೈಯಲ್ಲಿ ನನಗೂ ಸೊನ್ನೆ ಬಿಲ್ಲು ಬಂತು. ನಾನು ಅದನ್ನು ಸ್ಟಾಫ್ ರೂಮಿಗೆ ಒಯ್ದು ಡ್ರಿಲ್ ಮಾಸ್ತರರ ಮುಂದೆ ಇಟ್ಟೆ. ಒಯ್ಯಬಾರದು ಎಂದು ನನಗೆ ಅನಿಸಲಿಲ್ಲ. ಅಮರೇಶ್ವರಿ ಆ ಬೇಸಿಗೆಯಲ್ಲಿ ಶಾವಿಗೆ ಮಾಡಲಿಲ್ಲ. ಹಸನ್‌ಸಾಬ್ ಪೈಪು ಎತ್ತಿದ ದಿನ ಅವಳು ಅಡುಗೆಮನೆಯಲ್ಲಿದ್ದಳು, ಅಡುಗೆಮನೆಯ ಕಿಟಕಿ ಅಂಗಳಕ್ಕೆ ತೆರೆದಿರುತ್ತದೆ. ಕೇಳಿಸಿತೇನು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಆಗಸ್ಟಿನ ಒಂದು ಭಾನುವಾರ ಅವರು ಬಂದರು. ಹಸನ್‌ಸಾಬ್ ಮತ್ತು ಅವನ ಹೆಂಡತಿ ಹುಸೇನ್‌ಬೀ, ತುರ್ವಿಹಾಳದಿಂದ ಸಿಂಧನೂರಿಗೆ, ಸಿಂಧನೂರಿನಿಂದ ಮಸ್ಕಿಗೆ ಎರಡು ಬಸ್ಸು ಬದಲಿಸಿ. ಹುಸೇನ್‌ಬೀಯ ಕಂಕುಳಲ್ಲಿ ಐದಾರು ಕಿಲೋ ಅಕ್ಕಿಯ ಚೀಲ ಇತ್ತು. ಅದನ್ನು ಬಾಗಿಲ ಹತ್ತಿರ ಇಟ್ಟು, ನಮ್ಮ ಕಾಲುವೆ ನೀರಿನ ಅಕ್ಕಿ, ನಿಮಗೆಂದೇ ತಂದೆವು ಎಂದಳು. ಇವನ ಬುದ್ಧಿಗೇಡಿತನದಿಂದ ನಿಮ್ಮಂಥವರ ಮನೆಗೆ ಪೊಲೀಸರು ಬರುವಂತಾಯಿತು, ಮಾಫ್ ಮಾಡ್ರಿ ಎಂದಳು. ಹಸನ್‌ಸಾಬ್ ಅವಳ ಹಿಂದೆ ನಿಂತಿದ್ದ. ತುಂಬು ತೋಳಿನ ಅಂಗಿಯ ಖಾಲಿ ಬಲತೋಳಿಗೆ ಗಂಟು ಕಟ್ಟಿತ್ತು. ಚಪ್ಪಲಿ ಎಲ್ಲಿ ಬಿಡಲಿ ಎಂದು ಅವನು ಈ ಸಲ ಕೇಳಲಿಲ್ಲ, ಗೇಟಿನ ಹೊರಗೇ ಬಿಟ್ಟು ಬಂದಿದ್ದ.

ಅವರು ಬಂದ ಕಾರಣ ನಿಧಾನವಾಗಿ ತಿಳಿಯಿತು. ತಪ್ಪು ನನ್ನದೇ ಎಂದು ಹಸನ್‌ಸಾಬ್ ಒಂದು ಕಾಗದ ಬರೆದುಕೊಟ್ಟರೆ ಆಸ್ಪತ್ರೆಯ ಉಳಿದ ಖರ್ಚು ನೋಡಿಕೊಂಡು ಮೇಲೆ ಏನಾದರೂ ಕೊಡುತ್ತೇನೆ ಎಂದು ವಿರೇಶ ಹೇಳಿದ್ದ. ಹುಸೇನ್‌ಬೀಗೆ ಅದನ್ನು ಕೊಟ್ಟು ಮುಗಿಸುವ ಆತುರ. ಹಸನ್‌ಸಾಬ್ ಮಾತ್ರ ಮೂರು ತಿಂಗಳಿಂದ ಒಪ್ಪಿರಲಿಲ್ಲ. ನಾನು ಕೇಳಿದ್ದೆ, ಕೇಳಿಯೇ ಎತ್ತಿದೆ, ಕೋರ್ಟಿಗೆ ಹೋಗುತ್ತೇನೆ ಎನ್ನುತ್ತಿದ್ದ. ಮನೆಯಲ್ಲಿ ಹಗಲೂ ರಾತ್ರಿ ಇದೇ ಒಂದು ಮಾತು, ಅಳಿಯಂದಿರು ನಗುತ್ತಾರೆ ಎಂದು ಹುಸೇನ್‌ಬೀ ಸೆರಗಿನಿಂದ ಮುಖ ಒರೆಸಿಕೊಂಡಳು. ಅಮರೇಶ್ವರಿ ಚಹಾ ತಂದಿಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಹುಸೇನ್‌ಬೀ ಬಟ್ಟಲನ್ನು ಗಂಡನ ಬಾಯಿಗೆ ಹಿಡಿದಳು. ಅವನು ಎರಡು ಗುಟುಕು ಕುಡಿದು ಸಾಕೆಂದು ತಲೆ ಅಲ್ಲಾಡಿಸಿ, ಆಮೇಲೆ ನನ್ನ ಕಡೆ ತಿರುಗಿದ.

"ಸರ್, ಮೂವತ್ತು ವರ್ಷ ತಂತಿ ಕೆಲಸ ಮಾಡೀನಿ, ಒಂದು ದಿನ ಕೇಳದ ಕೈ ಹಾಕಿಲ್ಲ. ಅವತ್ತಿಂದು ನಂಗ ಪೂರಾ ನೆನಪಿಲ್ರಿ. ಬಿಸಲು ನೆನಪೈತಿ, ಪೈಪ್ ಹಿಡಿದದ್ದು ನೆನಪೈತಿ. ಕೇಳಿದಂಗ ಅನಸ್ತೈತಿ. ಎರಡು ಸಲ ಕೇಳಿದಂಗ ಅನಸ್ತೈತಿ. ಆದ್ರ ಎಲ್ಲಾರೂ ಕೇಳಿಲ್ಲ ಅಂತಾರ. ಕೆಳಗ ನೀವ ಇದ್ರಿ. ನೀವು ಹೆಂಗ ಹೇಳ್ತೀರಿ ಹಂಗ. ನಾ ಕೇಳಿದ್ನೇನ್ರಿ?"

ಅವನ ಕಣ್ಣಿನಲ್ಲಿ ನನ್ನ ಮೇಲೆ ಅನುಮಾನ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು, ಸಿಟ್ಟು ಮಾಡಬಹುದಿತ್ತು. ಹೌದು ಎಂಬ ಒಂದು ಮಾತು ನನ್ನ ನಾಲಿಗೆಯ ಮೇಲೆ ಬಂದಿತ್ತು, ಇದು ಸುಳ್ಳಲ್ಲ. ಅದರ ಹಿಂದೆಯೇ ಕನಕರಾಯ ಬರೆದ ಹೇಳಿಕೆ, ಅದರ ಕೆಳಗಿನ ನನ್ನ ಸಹಿ, ಟ್ರಂಕಿನ ನೋಟಿಸು, ನಿವೃತ್ತಿಗೆ ಉಳಿದ ಏಳು ವರ್ಷ ಎಲ್ಲ ಬಂದವು. ನಾನು ಹೆದರಿದೆ. ಅದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ.

"ಇಲ್ಲ ಹಸನ್‌ಸಾಬ್. ನೀ ಕೇಳಲಿಲ್ಲ."

"ಒಮ್ಮಿನೂ ಇಲ್ಲೇನ್ರಿ?"

"ಒಮ್ಮಿನೂ ಇಲ್ಲ."

 ಅವನು ಏನನ್ನೋ ನೆನಪು ಮಾಡಿಕೊಳ್ಳಲು ಮತ್ತೊಮ್ಮೆ ಪ್ರಯತ್ನಿಸುತ್ತಿದ್ದಾನೆ ಎಂದು ನನಗೆ ಕಂಡಿತು, ಆಮೇಲೆ ಅದನ್ನು ಬಿಟ್ಟುಬಿಟ್ಟ. ಹುಸೇನ್‌ಬೀ ಅಮರೇಶ್ವರಿಯ ಕಡೆ ತಿರುಗಿ, ನೀವೂ ಅವತ್ತು ಮನೆಯಲ್ಲೇ ಇದ್ದಿರಲ್ಲ ಅಕ್ಕಾರ ಎಂದಳು. ನಾನು ಹೆಂಡತಿಯ ಕಡೆ ನೋಡಲಿಲ್ಲ. ಅವಳು ಚಹಾದ ಬಟ್ಟಲುಗಳನ್ನು ಎತ್ತಿಕೊಂಡಳು. ಕುಕ್ಕರ್ ಕೂಗುತ್ತಿತ್ತು, ತನಗೆ ಏನೂ ಕೇಳಿಸಲಿಲ್ಲ ಎಂದಳು.

"ಹಂಗಾದ್ರ ತಪ್ಪು ನಂದ ಐತ್ರಿ," ಎಂದ ಹಸನ್‌ಸಾಬ್. "ಇಷ್ಟು ದಿನ ನಿಮ್ಮನ್ನ ಬೈಕೋಂತ ಮಲಗ್ತಿದ್ದೆ. ಮಾಫ್ ಮಾಡ್ರಿ ಸರ್."

ಆ ಕಾಗದವನ್ನು ನೀವೇ ಬರೆದುಕೊಡಿ ಎಂದು ಅವನೇ ಕೇಳಿಕೊಂಡ. ಬೇರೆಯವರು ಏನು ಬರೆಯುತ್ತಾರೋ ತನಗೆ ತಿಳಿಯುವುದಿಲ್ಲ, ಮಾಸ್ತರು ಬರೆದರೆ ಸರಿಯಾಗಿ ಬರೆಯುತ್ತಾರೆ ಎಂದ. ನಾನು ಒಳಗಿನಿಂದ ಹಾಳೆ ತಂದು, ಯಾರನ್ನೂ ಕೇಳದೆ ನಾನೇ ಪೈಪನ್ನು ಎತ್ತಿದೆ ಎಂದು ಅವನ ಪರವಾಗಿ ಬರೆದೆ. ಓದಿ ಹೇಳಿದೆ. ಅವನು ಪ್ರತಿ ವಾಕ್ಯಕ್ಕೂ ಹೂನ್ರಿ ಎಂದ. ಸಹಿ ಹಾಕಲು ಕೈಯಿಲ್ಲ, ಹೆಬ್ಬೆಟ್ಟು ಒತ್ತಲು ಬೆರಳಿಲ್ಲ. ಹುಸೇನ್‌ಬೀ ತನ್ನ ಹೆಬ್ಬೆಟ್ಟು ಒತ್ತಿದಳು, ಸಾಕ್ಷಿ ಎಂದು ನಾನು ಸಹಿ ಮಾಡಿದೆ. ಮಸಿಯ ಬೆರಳನ್ನು ಎಲ್ಲಿ ಒರೆಸುವುದೆಂದು ತಿಳಿಯದೆ ಅವಳು ಕೈ ಹಿಡಿದುಕೊಂಡು ನಿಂತಿದ್ದಳು. ಅಮರೇಶ್ವರಿ ಬಟ್ಟೆ ತಂದುಕೊಟ್ಟು, ಅವಳ ಮುಖ ನೋಡದೆ ಒಳಗೆ ಹೋಗಿಬಿಟ್ಟಳು.

ಗೇಟಿನ ತನಕ ನಾನು ಕಳಿಸಲು ಹೋದೆ. ಹುಸೇನ್‌ಬೀ ಬಗ್ಗಿ ಗಂಡನ ಕಾಲಿಗೆ ಚಪ್ಪಲಿ ಹಾಕುತ್ತಿದ್ದಳು. ಅವನು ತಲೆ ಎತ್ತಿ ಮಾಳಗಿಯನ್ನು ನೋಡಿದ, ಸ್ಟ್ಯಾಂಡಿನ ಒಂದೊಂದು ಕಂಬವನ್ನೂ ನೋಡಿದ. ಕೆಲಸ ಚಲೋ ಮಾಡ್ಯಾರ ಎಂದು ಮೆಚ್ಚಿದ. ಆಮೇಲೆ ನನ್ನ ಹತ್ತಿರ ಬಂದ.

"ಪ್ಯಾನೆಲ್ ಮ್ಯಾಲ ಧೂಳ ಕುಂತೈತ್ರಿ ಸರ್. ತೊಳ್ಯಾಕ ಯಾರರ ಹತ್ತಿದ್ರ, ಆ ಮೂಲಿಗೆ ಹೋಗೂ ಮುಂದ ಲೈನ್ ಐತೇನು ಅಂತ ಕೇಳಾಕ ಹೇಳ್ರಿ. ನನ್ನಂಗ ಮಾಡಬ್ಯಾಡ ಅಂತ ಹೇಳ್ರಿ."

ಹೇಳುತ್ತೇನೆ ಎಂದೆ.